ಅಜ್ಜಿಯ ಓಲೆ, ಸೊಸೆಯ ಕಿವಿ

ಮನೆಯ ಹೆಣ್ಣುಮಗಳಿಗೆ ಹಳೆಯ ಒಡವೆಯೊಂದನ್ನು ಉಡುಗೊರೆಯಾಗಿ ಕೊಡಬೇಕೆಂದು ಯೋಚಿಸಿದ್ದೀರಾದರೆ, ಪ್ರಿಯ ಓದುಗರೇ, ತಕ್ಕಡಿಗೆ ಇಡುವ ಮುನ್ನ ಅದರ ಹೆಸರನ್ನು ಹಿರಿಯರಿಂದ ಕೇಳಿ ತಿಳಿಯಿರಿ. ಬುಗುಡಿ, ಕೊಪ್ಪು, ಲೋಲಾಕು, ವಂಕಿ, ಡಾಬು, ಅಡ್ಡಿಕೆ, ಕಾಸಿನ ಸರ ಎಂಬ ಹೆಸರುಗಳಲ್ಲೇ ಚರಿತ್ರೆ ಅಡಗಿದೆ. ‘ಓಲೆ’ ಎಂದರೆ ತಾಳೆಯ ಗರಿ. ಅದನ್ನು ಸುರುಳಿ ಸುತ್ತಿ ಕಿವಿಗಿಡುತ್ತಿದ್ದ ಕಾಲದ ನೆನಪು ಚಿನ್ನದ ಓಲೆಯ ಹೆಸರಿನಲ್ಲಿ ಉಳಿದಿದೆ. ಗರಿಯ ಓಲೆಯಿಟ್ಟವಳ ಗೌರವವೇನೂ ಕಡಿಮೆಯಿರಲಿಲ್ಲ.

ಕೊಳ್ಳೇಗಾಲ, ಹನೂರು ಸೀಮೆ 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ನೆಲ. ಹೆಣ್ಣು ಕೊಟ್ಟು ತರುವ ಸಂಬಂಧ ಮಾತ್ರ ಗಡಿಯನ್ನು ಕೇಳಲಿಲ್ಲ. ಸೊಸೆಯೊಡನೆ ಒಡವೆಯೂ ಗಡಿ ದಾಟಿತು. ಚಿನ್ನಕ್ಕೂ ಈ ಸೀಮೆಗೂ ಇನ್ನೊಂದು ನಂಟಿದೆ. ಕೊಳ್ಳೇಗಾಲದ ಬಳಿಯ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿದ್ದು ಊರ ದೀಪಕ್ಕಲ್ಲ, ಕೋಲಾರದ ಚಿನ್ನದ ಗಣಿಗೆ. ಆ ಗಣಿ 2001ರಲ್ಲಿ ಮುಚ್ಚಿತು.

ಕಾಸಿನ ಸರದಲ್ಲಿ ನಿಜವಾದ ಬ್ರಿಟಿಷ್ ಸವರನ್ ಇದ್ದರೆ ಅದರ ಇಸವಿಯನ್ನು ಓದಿ ನೋಡಿ. ಸುಮಾರು 8 ಗ್ರಾಂ ತೂಗುವ ಈ 22 ಕ್ಯಾರಟ್ ನಾಣ್ಯಗಳನ್ನು 1918ರಲ್ಲಿ ಮುಂಬಯಿಯಲ್ಲೂ ಅಚ್ಚು ಹಾಕಿದ್ದರು.

ಎಚ್ಚರ ಬೇಕಾದದ್ದು ನಂತರದ ಒಡವೆಗಳ ವಿಷಯದಲ್ಲಿ. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣ ತಂದರು. 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧಿಯ ಹೊಸ ಒಡವೆ ಮಾಡುವಂತಿರಲಿಲ್ಲ. ಜನರಿಗೆ ಆ ಚಿನ್ನ ರುಚಿಸಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ಬಡ ಕಸುಬುದಾರನ ಹೊಟ್ಟೆಯ ಮೇಲೆ ಹೊಡೆದ ಕಾನೂನದು ಎಂದೇ ನನ್ನ ಅಭಿಪ್ರಾಯ. 14 ಕ್ಯಾರಟ್ಟಿನ ಮಿತಿ 1966ರಲ್ಲಿ ಹೋಯಿತು. ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಯಿತು. ಆದ್ದರಿಂದ ಆ ಮೂರು ವರ್ಷಗಳ ಒಡವೆಯಲ್ಲಿ ನೂರಕ್ಕೆ 58 ಪಾಲು ಮಾತ್ರ ಚಿನ್ನವಿರಬಹುದು.

ಕೆಂಪುಕಲ್ಲಿನ ಹಳೆಯ ಒಡವೆಗಳ ಒಳಗೆ ಅರಗು ತುಂಬಿರುವುದುಂಟು. ತೂಗಿದರೆ ಕಲ್ಲು, ಅರಗು ಎಲ್ಲವೂ ಸೇರಿಯೇ ತೂಗುತ್ತದೆ. ಅಂಗಡಿಯಲ್ಲಿ ಮಾರುವ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿದ್ದು 2021ರ ಜೂನಿನಿಂದ. ಅಜ್ಜಿಯ ಕಾಲದ್ದರಲ್ಲಿ ಅದನ್ನು ಹುಡುಕಿ ಫಲವಿಲ್ಲ. ಪರೀಕ್ಷಾ ಕೇಂದ್ರಕ್ಕೊಯ್ದು ಶುದ್ಧಿ ತಿಳಿಯಿರಿ. ಕೊಂಡಿ ಸವೆದಿದ್ದರೆ ಬೆಸುಗೆ ಹಾಕಿಸಿ. ಕರಗಿಸಿ ಹೊಸ ಮಾದರಿ ಮಾಡಿಸಿದರೆ ಉಳಿಯುವುದು ಚಿನ್ನ ಮಾತ್ರ, ಅಜ್ಜಿ ಉಳಿಯುವುದಿಲ್ಲ.

ಮದುವೆಯಲ್ಲಿ ಕೊಡುವಿರಾದರೆ ಇನ್ನೊಂದು ಮಾತು. ಗಂಡಿನ ಕಡೆಯವರು ಕೇಳಿ ಪಡೆದದ್ದು ವರದಕ್ಷಿಣೆ. 1961ರ ಕಾಯಿದೆ ಅದನ್ನು ಎಲ್ಲ ಮತದವರಿಗೂ ನಿಷೇಧಿಸಿದೆ. ಯಾರೂ ಕೇಳದೆ ಪ್ರೀತಿಯಿಂದ ಕೊಟ್ಟದ್ದನ್ನು, 1985ರ ನಿಯಮಗಳಂತೆ, ಪಟ್ಟಿಯಲ್ಲಿ ಬರೆಯಬೇಕು: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧವಿದ್ದರೆ ಸಂಬಂಧ. ವಧೂವರರಿಬ್ಬರೂ ಅದಕ್ಕೆ ಸಹಿ ಮಾಡಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಇರಬೇಕಾದದ್ದು ಆಕೆಯ ಬಳಿಯಲ್ಲಿಯೇ. ‘ಅಜ್ಜಿಯ ಓಲೆ, ಒಂದು ಜೊತೆ’ ಎಂದು ಅದರಲ್ಲಿ ಮರೆಯದೆ ಬರೆಯಿಸಿ.