ಗೇಮಿಂಗ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ಕೊಟ್ಟ ಹಣಕ್ಕೆ ತಕ್ಕುದನ್ನು ಆರಿಸುವುದು ಹೇಗೆ?

ಗೇಮಿಂಗ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಹಣ ಹಿಡಿಯುವ ಭಾಗ ಗ್ರಾಫಿಕ್ಸ್ ಕಾರ್ಡ್. ಗಡಿ ಊರುಗಳ ನಾವು ಇದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೋ ಪುಣೆ, ಹೈದರಾಬಾದ್‌ಗಳಿಗೋ ಹೋಗುತ್ತೇವೆ, ಇಲ್ಲವೇ ಆನ್‌ಲೈನಿನಲ್ಲಿ ತರಿಸುತ್ತೇವೆ. ತಂದ ಮೇಲೆ ಬದಲಾಯಿಸುವುದು ಕಷ್ಟ. ಹಾಗಾಗಿ ಮೊದಲೇ ನೋಡಿಕೊಳ್ಳಬೇಕಾದ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

1. ಮೊದಲು ಮಾನಿಟರ್ ನೋಡಿ
60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಫ್ರೇಮ್ ತೋರಿಸದು. 1920×1080ರ ಅಂಥ ಮಾನಿಟರಿಗೆ ದುಬಾರಿ ಕಾರ್ಡ್ ಹಾಕಿದರೆ ಹಣ ವ್ಯರ್ಥ. ವ್ಯಾಲರಂಟ್‌ನಂಥ ಹಗುರ ಆಟ ಮಾತ್ರ ಆಡುವವರಿಗೆ ರೈಜನ್ 5 5600ಜಿ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸೇ ಸಾಕಾಗುತ್ತದೆ.

2. ಹೆಸರು ಒಂದೇ, ಸರಕು ಬೇರೆ
ಆರ್‌ಟಿಎಕ್ಸ್ 3060 ಎರಡು ಬಗೆ: 12 ಜಿಬಿಯದಕ್ಕೆ 192 ಬಿಟ್ ಮೆಮೊರಿ ದಾರಿ, 8 ಜಿಬಿಯದಕ್ಕೆ 128 ಬಿಟ್ ಮಾತ್ರ. 6 ಜಿಬಿ ಆರ್‌ಟಿಎಕ್ಸ್ 3050ರಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳೂ 8 ಜಿಬಿಯದಕ್ಕಿಂತ ಕಡಿಮೆ. ಡಿಡಿಆರ್4 ಮೆಮೊರಿಯ ಜಿಟಿ 1030, ಜಿಡಿಡಿಆರ್5ರದಕ್ಕಿಂತ ಬಹಳ ನಿಧಾನ. ಪೂರ್ತಿ ಮಾಡೆಲ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

3. ಮೆಮೊರಿಯೊಂದೇ ವೇಗವಲ್ಲ
8 ಜಿಬಿ ಆರ್‌ಟಿಎಕ್ಸ್ 4060 ಹೆಚ್ಚಿನ ಆಟಗಳಲ್ಲಿ 12 ಜಿಬಿ 3060ಕ್ಕಿಂತ ಚುರುಕು. ಆದರೆ ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ ಪೂರ್ತಿ ಏರಿಸಿದರೆ 8 ಜಿಬಿ ಸಾಲದೆ ಆಟ ತಡವರಿಸಬಹುದು.

4. ಬೆಲೆಯನ್ನು ಫ್ರೇಮಿನಿಂದ ಭಾಗಿಸಿ
ನೀವು ಆಡುವ ಆಟದ ಪರೀಕ್ಷಾ ಫಲಿತಾಂಶ ನೋಡಿ. ಉದಾಹರಣೆಗೆ, 24,000 ರೂಪಾಯಿಯ ಕಾರ್ಡ್ 80 ಫ್ರೇಮ್ ಕೊಟ್ಟರೆ ಫ್ರೇಮಿಗೆ 300 ರೂಪಾಯಿ. 31,500 ರೂಪಾಯಿಯದು 90 ಕೊಟ್ಟರೆ 350 ರೂಪಾಯಿ. ಮೊದಲನೆಯದೇ ಲಾಭ.

5. ಹಳೆಯ ಕಂಪ್ಯೂಟರಿಗೆ ಹೊಂದುತ್ತದೆಯೇ?
ಆರ್‌ಟಿಎಕ್ಸ್ 4060 ಸುಮಾರು 115 ವ್ಯಾಟ್, ಆರ್‌ಎಕ್ಸ್ 6600 ಸುಮಾರು 132 ವ್ಯಾಟ್, 3060 ಸುಮಾರು 170 ವ್ಯಾಟ್ ವಿದ್ಯುತ್ ಬಳಸುತ್ತವೆ. ಕ್ಯಾಬಿನೆಟ್ ಜೊತೆ ಬಂದ ಹೆಸರಿಲ್ಲದ ಪವರ್ ಸಪ್ಲೈ ನಂಬಬೇಡಿ. ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಕಾರ್ಡಿನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತದೆಯೇ ಅಳೆಯಿರಿ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಪಿಸಿಐಇ ಲೇನ್. ಪಿಸಿಐಇ 3.0 ಬೋರ್ಡಿನಲ್ಲಿ ಅದರ ವೇಗ ಚೆನ್ನಾಗಿಯೇ ಕುಗ್ಗುತ್ತದೆ.

6. ಸೆಕೆಂಡ್ ಹ್ಯಾಂಡ್ ಆದರೆ
2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಕೇಳಿ. ಫ್ಯಾನ್ ಸದ್ದು ಕೇಳಿಸಿಕೊಳ್ಳಿ. ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆಯಾಗಬೇಕು.

7. ಬಿಲ್ ಮತ್ತು ವಾರಂಟಿ
ಎಲ್ಲ ರಾಜ್ಯಗಳಲ್ಲೂ ಜಿಎಸ್‌ಟಿ ಶೇ. 18. ಗಡಿ ದಾಟಿದ ಮಾತ್ರಕ್ಕೆ ತೆರಿಗೆ ಉಳಿಯದು. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಮುಂದೆ ವಾರಂಟಿ ಕೇಳಲು ಆಧಾರವಿರದು. ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ, ಕೊರಿಯರ್ ಖರ್ಚು ಯಾರದು ಎಂಬುದನ್ನೂ ಮೊದಲೇ ಕೇಳಿ.

ಅಂಗಡಿಗೆ ಹೋಗುವಾಗ ಮಾನಿಟರ್, ಮದರ್‌ಬೋರ್ಡ್, ಪವರ್ ಸಪ್ಲೈಗಳ ಮಾಡೆಲ್ ಮತ್ತು ಕ್ಯಾಬಿನೆಟ್ ಅಳತೆ ಬರೆದ ಚೀಟಿ ಜೊತೆಗಿರಲಿ.