ಗಡಿಬಿಡಿ ಎಂಬ ಗಡಿನಾಡ ಶಬ್ದ

ಸಂಖದ ಕಡೆಯಿಂದ ಒಬ್ಬ ಶಿಕ್ಷಕಿ ಪತ್ರ ಬರೆದಿದ್ದಾರೆ. ತವರು ವಿಜಯಪುರ ಜಿಲ್ಲೆ. ಕೆಲಸ ಗಡಿಯಾಚೆ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ. ಕಲಿಸುವುದು ಇಂಗ್ಲಿಷು. "ಈ ವಾರ ನಮ್ಮ ಸಾಲ್ಯಾಗ ಗ್ಯಾದರಿಂಗ ಐತ್ರಿ. ಡಾನ್ಸು, ನಾಟಕ, ರಂಗೋಲಿ, ನಡುವ ಘಟಕ ಚಾಚಣಿ ಪೇಪರ್ ತಿದ್ದೂದು. ಭಾಳ ಸ್ಟ್ರೆಸ್‌ಫುಲ್ ಐತಿ, ಆದ್ರ ಅಷ್ಟ ಫೆಸ್ಟಿವ್ ಆಗಿನೂ ಐತಿ. ಎರಡೂ ಕೂಡಿದ್ದಕ್ಕ ಕನ್ನಡದಾಗ ಒಂದ ಶಬ್ದ ಐತೇನ್ರಿ? ಇರಲಿಕ್ಕಿಲ್ಲ ಅನಸ್ತೈತಿ."

ಇರಲಿಕ್ಕಿಲ್ಲವಂತೆ! ಈ ಕೊನೆಯ ಮಾತಿಗೆ ಕೈಯಲ್ಲಿದ್ದ ಚಹಾ ಆರಿಹೋಯಿತು. ಇದೆ ತಾಯಿ, ಇದೆ. ನಿಮ್ಮ ಅಜ್ಜಿ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದ ಮಾತೇ ಅದು: ಗಡಿಬಿಡಿ.

ಮನೆಯಲ್ಲಿ ಮದುವೆ ಇದ್ದಾಗ "ಭಾಳ ಗಡಿಬಿಡಿಯೊಳಗ ಅದೀನಿ, ಆಮ್ಯಾಲೆ ಮಾತಾಡೂಣು" ಎಂದು ಸೆರಗು ಸಿಗಿಸಿಕೊಂಡು ಓಡುವ ಹೆಂಗಸಿನ ಮುಖ ನೆನಪು ಮಾಡಿಕೊಳ್ಳಿ. ದಣಿದಿರುತ್ತಾಳೆ, ಬೈಯುತ್ತಿರುತ್ತಾಳೆ, ಬೆಲ್ಲ ಎಲ್ಲಿಟ್ಟೆ ಅನ್ನುವುದೇ ಮರೆತಿರುತ್ತಾಳೆ. ಆದರೆ ಮುಖದಲ್ಲಿ ಒಂದು ಕಳೆ ಇರುತ್ತದೆ. ಅವಳನ್ನು ಹಿಡಿದು ಕೂಡ್ರಿಸಿ "ಬಿಡವ್ವಾ, ಎಲ್ಲಾ ನಾವು ಮಾಡ್ತೀವಿ" ಅಂದು ನೋಡಿ, ಅಳುತ್ತಾಳೆ. ಈಗ ಅದೇ ಮನೆಯಲ್ಲಿ ಮಗಳು "ನನಗ ಟೆನ್ಷನ್ ಆಗೇತಿ" ಅನ್ನುತ್ತಾಳೆ, ಮಗ "ಬ್ಯುಸಿ ಅದೀನಿ" ಅನ್ನುತ್ತಾನೆ, ಮೂರನೇತ್ತೆಯ ಮೊಮ್ಮಗನಿಗೂ ಸ್ಟ್ರೆಸ್ಸು. ಟೆನ್ಷನ್ ಬಂದವನು ಮೂಲೆಗೆ ಸರಿಯುತ್ತಾನೆ, ಗಡಿಬಿಡಿ ಇದ್ದವನು ನಡುಮನೆಯಲ್ಲಿ ಓಡಾಡುತ್ತಾನೆ. ಟೆನ್ಷನ್ನಿಗೆ ಗುಳಿಗೆ ಇದೆ. ಗಡಿಬಿಡಿಗೆ ಇನ್ನೂ ಯಾರೂ ಗುಳಿಗೆ ಮಾರಿಲ್ಲ.

ಅನುಮಾನವಿದ್ದವರು ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾರಿ ಹಿಡಿಯಲಿ. ಅದೂ ಜತ್ತ ತಾಲೂಕೇ. ದಾನಮ್ಮನ ದರ್ಶನಕ್ಕೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರದ ಕಡೆಯಿಂದ ಜನ ನಡೆದು ಬರುತ್ತಾರೆ. ಕಾಲಲ್ಲಿ ಬೊಬ್ಬೆ, ತಲೆಯ ಮೇಲೆ ಗಂಟು, ದಾರಿಯುದ್ದಕ್ಕೂ "ಊಟಾ ಮಾಡಿ ಹೋಗ್ರಿ" ಎಂದು ಕೈಹಿಡಿದು ಎಳೆಯುವವರು. ಕತ್ತಲಾಗುವುದರೊಳಗೆ ಮುಟ್ಟಬೇಕೆಂಬ ಅವಸರ ಒಂದು ಕಡೆ, ಹಾಡುತ್ತ ನಡೆವವರ ನಿಧಾನ ಇನ್ನೊಂದು ಕಡೆ. ಇದಕ್ಕೆ ಸ್ಟ್ರೆಸ್ ಅಂತೀರಾ?

ಇನ್ನು ಶಬ್ದದ ಹುಟ್ಟು. ಇದು ಹಿಂದಿ-ಮರಾಠಿಯ ಗಡಬಡದ ತಂಗಿ ಎಂದು ಪಂಡಿತರು ಹೇಳುವುದು ನನಗೂ ಗೊತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಸಾಹೇಬರ ನಿಘಂಟಿನ ಮರುಮುದ್ರಣ ನನ್ನ ಕಪಾಟಿನ ಮೇಲಿನ ಅರೆಯಲ್ಲೇ ಇದೆ. ಬೇಕಂತಲೇ ಇಳಿಸಿಲ್ಲ. ಇಳಿಸಿದರೆ ನನ್ನ ಸಿದ್ಧಾಂತ ಉಳಿಯುವುದಿಲ್ಲ, ಇಪ್ಪತ್ತು ವರ್ಷ ಸಾಕಿದ ಸಿದ್ಧಾಂತ ಅದು. ಗಡಿಬಿಡಿ ಎಂದರೆ ಗಡಿ, ಬಿಡಿ. ಗಡಿಯನ್ನು ಬಿಡಿ, ಹೊರಡಿ, ಮುಂದೆ ನಡೆಯಿರಿ!

ನಗಬೇಡಿ. ಬ್ರಿಟಿಷರ ಕಾಲದ ನಮ್ಮ ಕಡೆಯ ನಕಾಶೆ ತೆಗೆದು ನೋಡಿ. ಡಫಳೆಯವರ ಜತ್ತ ಸಂಸ್ಥಾನ, ಅದರಾಚೆ ಸಾಂಗಲಿ, ಮಿರಜ, ಇತ್ತ ಜಮಖಂಡಿ, ಮುಧೋಳ, ಅತ್ತ ಅಕ್ಕಲಕೋಟೆ. ನಡುನಡುವೆ ಬ್ರಿಟಿಷರ ತುಂಡುಗಳು. ತ್ಯಾಪೆ ಹಚ್ಚಿದ ಕೌದಿ ಇದ್ದ ಹಾಗೆ. ಎತ್ತಿನ ಗಾಡಿಯವನು ಬೆಳಗಾವಿಗೆ ಹೊರಟರೆ ಅತ್ತ ಸೂರ್ಯ ಮುಳುಗುವುದರೊಳಗೆ ಎಷ್ಟು ರಾಜರಿಗೆ ಸಲಾಮು ಹೊಡೆಯಬೇಕಿತ್ತೋ. ಪ್ರತಿ ಗಡಿಯಲ್ಲಿ ಒಬ್ಬ ಪಟ್ಟೇದಾರ, ಕೈಯಲ್ಲಿ ಕೋಲು, ಬಾಯಲ್ಲಿ ಒಂದೇ ಮಾತು. ಗಾಡಿ ತಿರುಗಿಸುವವನ ಅವಸರ, ಎತ್ತಿನ ಗೊರಸು, ಚೆಲ್ಲಿದ ಜೋಳ, ಬೈಗುಳ, ಗಾಡಿಯೊಳಗಿನ ಮಕ್ಕಳ ನಗು. ಈ ಗದ್ದಲಕ್ಕೆ ಹೆಸರು ಬೇಕಾಗಿತ್ತು, ಪಟ್ಟೇದಾರನೇ ಕೊಟ್ಟ. ಆ ಪಟ್ಟೇದಾರನನ್ನು ನಾನು ಕಂಡಿಲ್ಲ, ದಾಖಲೆಯಲ್ಲೂ ಕಂಡಿಲ್ಲ. ಆದರೆ ಅವನ ಮೀಸೆ ಹೇಗಿತ್ತು ಎಂಬುದನ್ನೂ ಹೇಳಬಲ್ಲೆ. ಗೆಳೆಯನೊಬ್ಬ "ಅಲ್ಲೋ, ಗಡಾನ ಬಾ ಅಂತೀವಲ್ಲ, ಆ ಗಡದಿಂದ ಬಂದೈತಿ" ಎಂದು ವಾದ ಹೂಡಿದ್ದಾನೆ. ಅವನು ಧಾರವಾಡದವನು. ಗಡಿಯ ವಿಷಯ ಅವನಿಗೇನು ಗೊತ್ತು?

ಗಡಿ ಬಿಡುವುದು ಎಂದರೆ ಜನ ಗಡಿ ಬಿಟ್ಟು ಹೋಗುವುದು ಎಂದಷ್ಟೇ ತಿಳಿಯಬೇಡಿ. ಸಂಖದ ಬದಿಯ ಊರುಗಳಲ್ಲಿ ಗಡಿಯೇ ಜನರನ್ನು ಬಿಟ್ಟು ಹೋಗಿದೆ. 1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯ ಪಾಲಾಯಿತು. 1956ರ ನವೆಂಬರ್ 1ಕ್ಕೆ ವಿಜಾಪುರ ಜಿಲ್ಲೆ ಮೈಸೂರಿಗೆ ಹೋಯಿತು, ಜತ್ತ ಮುಂಬಯಿಯಲ್ಲೇ ಉಳಿಯಿತು. 1960ರಲ್ಲಿ ರಾಜ್ಯದ ಹೆಸರು ಮಹಾರಾಷ್ಟ್ರ ಆಯಿತು, ಮುಂದೆ ಜಿಲ್ಲೆಯ ಹೆಸರೂ ಸಾಂಗಲಿ ಆಯಿತು. 1967ರಲ್ಲಿ ಮಹಾಜನ ಆಯೋಗ ಜತ್ತದ ಹಳ್ಳಿಗಳನ್ನೂ ಮೈಸೂರಿಗೆ ಕೊಡಿ ಎಂದಿತು, ಯಾರೂ ಕೊಡಲಿಲ್ಲ, ಯಾರೂ ತಗೊಳ್ಳಲಿಲ್ಲ. 2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳ ಮಾತು ಮತ್ತೆ ಪತ್ರಿಕೆಯ ಮುಖಪುಟಕ್ಕೆ ಬಂತು. ಎರಡೂ ಕಡೆಯ ಮುಖ್ಯಮಂತ್ರಿಗಳು ಮಾತಾಡಿದರು, ಯಾರ್ಯಾರೋ ಬಸ್ಸುಗಳಿಗೆ ಮಸಿ ಬಳಿದರು. ಆ ಗದ್ದಲದ ನಡುವೆಯೇ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಸದ್ದಿಲ್ಲದೆ ಹರಿದು ಜತ್ತದ ತಿಕ್ಕುಂಡಿ ಕೆರೆಗೆ ಬಿತ್ತು. ಇಷ್ಟೆಲ್ಲ ಆಗುವಾಗ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು ಕನ್ನಡ ಮಾತಾಡಿಕೊಂಡೇ ರೊಟ್ಟಿ ಬಡಿದ ಮುದುಕಿಯರಿದ್ದಾರೆ. ಗಡಿಬಿಡಿ ಎಂಬ ಶಬ್ದ ಇಲ್ಲಿ ಹುಟ್ಟದೆ ಮತ್ತೆಲ್ಲಿ ಹುಟ್ಟಬೇಕು?

ನಾನೂ ಆ ಭಾಗದಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿದವನು. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೇತ್ತೆಯಿಂದಲೇ ಇಂಗ್ಲಿಷ್ ಬಂದಿತ್ತು, ಯಾವ ಮಾಧ್ಯಮವಾದರೂ ಸರಿ. ಕೆಲಸ ಸಿಕ್ಕಾಗ ಅವ್ವ ಓಣಿಯಲ್ಲಿ "ನನ್ನ ಮಗ ಪರದೇಶಕ್ಕ ಹೊಂಟಾನ" ಎಂದು ಹೇಳಿಕೊಂಡು ಬಂದಿದ್ದಳು. ತಪ್ಪೇನಿಲ್ಲ. ಬಸ್ಸು ಬದಲಾಗುತ್ತಿತ್ತು, ಟಿಕೀಟಿನ ಅಕ್ಷರ ಬದಲಾಗುತ್ತಿತ್ತು, ಊರ ಫಲಕ ದೇವನಾಗರಿಯಲ್ಲಿರುತ್ತಿತ್ತು. ಇಳಿದರೆ ಮಾತ್ರ ಅದೇ ಜ್ವಾಳದ ಹೊಲ, ಅದೇ "ಯಾವಾಗ ಬಂದ್ರಿ?" ಇಂಥ ಪರದೇಶ ಯಾರಿಗುಂಟು ಯಾರಿಗಿಲ್ಲ. ಮಕ್ಕಳಿಗೆ ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಇವೆಲ್ಲದರ ಮೇಲೆ ನಾನು, ನನ್ನ ಇಂಗ್ಲಿಷು.

ಡಿಸೆಂಬರ್ ಬಂತೆಂದರೆ ಗ್ಯಾದರಿಂಗ. ಈ ಶಬ್ದವನ್ನು ಲಂಡನ್ನಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದು. ಶಾಲೆಯ ಸ್ನೇಹಸಮ್ಮೇಳನ, ಅದರ ಡಾನ್ಸು, ಬಹುಮಾನ, ಬಾಡಿಗೆಯ ಸ್ಪೀಕರು, ಹೆಡ್‌ಮಾಸ್ತರರ ಭಾಷಣ ಎಲ್ಲ ಸೇರಿ ನಮ್ಮಲ್ಲಿ ಗ್ಯಾದರಿಂಗ. ಇಂಗ್ಲಿಷರು ಕೊಟ್ಟಿದ್ದು ಖಾಲಿ ಚೀಲ, ಸಾಮಾನು ತುಂಬಿದ್ದು ನಾವು. ನನಗೆ ಬಂದ ಆಜ್ಞೆ: ಸಣ್ಣ ಮಕ್ಕಳಿಂದ ಇಂಗ್ಲಿಷ್ ನಾಟಕ, ಒಂದು ವಾರದೊಳಗೆ. ಬಾಯಾರಿದ ಕಾಗೆಯ ಕತೆ ಆರಿಸಿದೆ. ಸೋಮವಾರ ಮೊದಲ ತಾಲೀಮು. ಗಡಿಗೆಯ ತಳದಲ್ಲಿ ನೀರು ಇಷ್ಟೇ ಇದೆ ಅಂದ ಕೂಡಲೇ ಎರಡನೇತ್ತೆಯ ಹುಡುಗಿ ಎದ್ದು ನಿಂತು, "ಸರ, ಟ್ಯಾಂಕರ್ ಬರಲಿಲ್ಲೇನ್ರಿ?" ಬರದ ತಾಲೂಕಿನ ಮಗು, ಅದರ ಪ್ರಶ್ನೆಯೇ ಸರಿ. ಕಾಗೆ ಗಡಿಗೆಗೆ ಕಲ್ಲು ಹಾಕುವಾಗ ಹಿಂದಿನಿಂದ ನಾಲ್ವರು "ಟ್ಯಾಂಕರ್ ಈಸ್ ಕಮಿಂಗ್" ಎಂದು ಕೂಗುವುದನ್ನೂ ನಾಟಕಕ್ಕೆ ಸೇರಿಸಿದೆ. ಈಸೋಪನಿಗೆ ಹೊಳೆಯದ ಮಾತು.

ಬುಧವಾರ ಒಬ್ಬ ಹುಡುಗ ಕೇಳಿದ: "ಗಡಿಬಿಡಿಗೆ ಇಂಗ್ಲೀಷ್‌ನ್ಯಾಗ ಏನಂತಾರ್ರಿ?" ನಾನು ಹರಿ ಅಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಅಷ್ಟು ದೊಡ್ಡ ಶಬ್ದಕ್ಕೆ ಇಷ್ಟು ಸಣ್ಣ ಶಬ್ದವೇ ಎಂದು ಅವರಿಗೆ ಅನಿಸಿರಬೇಕು. ಅವಸರ, ಗದ್ದಲ, ಗೊಂದಲ, ಸಡಗರ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಶಬ್ದ ಬೋರ್ಡಿನ ಮೇಲೆ ಬರೆದು, ನಾಲ್ಕನ್ನೂ ಒರೆಸಿದೆ.

ಶನಿವಾರ ಸಂಜೆ. ಎರಡು ಇಳಕಲ್ ಸೀರೆಗಳನ್ನು ನಡುವೆ ದಾರ ಹಾಕಿ ಕೂಡಿಸಿದ್ದೇ ಪರದೆ. ಹಿಂದೆ ಮಕ್ಕಳ ಗಲಾಟೆ. ಮುಂದೆ ಮರಾಠಿ ಮಾತಾಡುವ ಅತಿಥಿಗಳು, ಪಾಪ ಒಳ್ಳೆಯವರು, ಮೈಕು ಹಿಡಿದು ಪ್ರೀತಿಯಿಂದಲೇ "ಮುಲಾಂನೋ, ಗಡಬಡ ಕರೂ ನಕಾ" ಅಂದರು. ಮರಾಠಿಯ ಶಾಲೆಗಳಲ್ಲಿ ಹಾಗೆಂದರೆ ಗಲಾಟೆ ಮಾಡಬೇಡಿ ಎಂದು. ನಮ್ಮ ಮಕ್ಕಳು ಅದನ್ನು ಕನ್ನಡದ ಕಿವಿಯಿಂದ ಕೇಳಿದವು: ಗಡಿಬಿಡಿ ಮಾಡಬ್ಯಾಡ್ರಿ, ಸಾವಕಾಶ ಬರ್ರಿ! ದೊಡ್ಡವರೇ ಹೇಳಿದ ಮೇಲೆ ಇನ್ನೇನು. ಕಾಗೆ ರೆಕ್ಕೆ ಬಿಚ್ಚಿಟ್ಟು ಕೂತಿತು. ಯಾರೋ ಶೇಂಗಾ ತೆಗೆದರು. ಹತ್ತು ನಿಮಿಷ ಕಳೆದರೂ ಪರದೆ ಸರಿಯಲಿಲ್ಲ. ಸದ್ದಿಲ್ಲವೆಂದು ಅತಿಥಿಗಳಿಗೂ ಸಂತೋಷ. ನಾನು ಬೆವತು ಹಿಂದಕ್ಕೆ ಓಡಿದೆ. ನೋಡಿದರೆ ಎಲ್ಲರೂ ಕಾಲು ಚಾಚಿ ಸಿಪ್ಪೆ ಸುಲಿಯುತ್ತಿದ್ದಾರೆ. ಬಾಯಿಗೆ ಬಂದದ್ದು ಇಂಗ್ಲಿಷು. ಪರದೆ ಹಿಡಿದ ಹುಡುಗನಿಗೆ "ಹರಿ ಅಪ್! ಹರಿ, ಹರಿ!" ಎಂದು ಕಿರುಚಿದೆ.

ಅವನು ಹರಿದ.

ಎರಡೂ ಕೈಯಿಂದ, ಸೀರೆ ಕೂಡಿದ ದಾರದಗುಂಟ, ಮೇಲಿನಿಂದ ಕೆಳತನಕ. ಪರದೆಯೇನೋ ಸರಿಯಿತು. ಜನ ಚಪ್ಪಾಳೆ ತಟ್ಟಿದರು, ಅದೂ ನಾಟಕದ ಭಾಗವೇ ಎಂದುಕೊಂಡು. "ಯಾಕಲೇ ಹರಿದಿ?" ಅಂದರೆ, "ನೀವ ಹರಿ ಅಂದ್ರಲ್ರಿ ಸರ." ನಾಟಕ ಮುಗಿಯುವತನಕ ನಾನು ಆ ಪರದೆಯ ಒಂದು ತುದಿ ಹಿಡಿದು ನಿಂತಿದ್ದೆ, ಅಳಬೇಕೋ ನಗಬೇಕೋ ತಿಳಿಯದೆ. ಟ್ಯಾಂಕರ್ ಬಂದಾಗ ಊರೇ ಎದ್ದು ಸೀಟಿ ಹೊಡೆಯಿತು. ಆ ವಾರ ನನಗಿದ್ದದ್ದು ಸ್ಟ್ರೆಸ್ಸಲ್ಲ. ಸ್ಟ್ರೆಸ್ ಆಗಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿದ್ದೆನೇ?

ಒಂದೇ ಶಬ್ದ, ಗಡಿ ದಾಟಿದರೆ ವೇಷ ಬೇರೆ. ಕನ್ನಡದಲ್ಲಿ ಓಟ, ಮರಾಠಿ ಶಾಲೆಯಲ್ಲಿ ಸದ್ದು, ಹಿಂದಿಯಲ್ಲಿ ಏನೋ ಕೆಟ್ಟಿದೆ ಎಂಬ ಗುಮಾನಿ. ಕರಾವಳಿಗೆ ಇಳಿದರೆ ಉದ್ದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ ತುಂಬಿದ ಐಸ್‌ಕ್ರೀಮು. ಅಲ್ಲಿಯವರಷ್ಟು ಈ ಶಬ್ದಕ್ಕೆ ನ್ಯಾಯ ಒದಗಿಸಿದವರಿಲ್ಲ. 1993ರಲ್ಲಿ ರವಿಚಂದ್ರನ್ 'ಗಡಿಬಿಡಿ ಗಂಡ' ಆದರು. ಅದೇ ಸಿನಿಮಾ ಇಂದು ತೆಗೆದರೆ ಹೆಸರು 'ಟೆನ್ಷನ್ ಗಂಡ' ಎಂದಿಡುತ್ತಾರೆ, ನಾಯಕಿ ಮೊದಲನೇ ರೀಲಿನಲ್ಲೇ ತವರಿಗೆ ಹೋಗುತ್ತಾಳೆ.

ಇನ್ನು ಆ ಗಾದೆ: ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟೋದೇ ಮರೆತರಂತೆ. ಇದನ್ನು ಎಲ್ಲರೂ ಗಡಿಬಿಡಿಯ ಮೇಲಿನ ದೂರು ಎಂದು ಓದುತ್ತಾರೆ. ನಾನು ಒಪ್ಪುವುದಿಲ್ಲ. ಗಾದೆಯಲ್ಲಿ ಮದುವೆ ನಿಂತುಹೋಯಿತು ಎಂದಿದೆಯೇ? ಯಾರಾದರೂ ಅತ್ತರು ಎಂದಿದೆಯೇ? ಬೀಗರು ಎದ್ದು ಹೋದರು ಎಂದಿದೆಯೇ? ಮರೆತರು ಎಂದಷ್ಟೇ ಇದೆ. ಮರೆತವರಿಗೆ ಯಾರೋ ನೆನಪು ಮಾಡಿಕೊಟ್ಟಿರುತ್ತಾರೆ, ಬಹುಶಃ ಅಡುಗೆಯವನು. ಎಲ್ಲರೂ ನಕ್ಕಿರುತ್ತಾರೆ, ಎರಡನೇ ಸಲ ಅಕ್ಷತೆ ಬಿದ್ದಿರುತ್ತದೆ, ಗಂಡನ ಕಿವಿ ಯಾರೋ ಹಿಂಡಿರುತ್ತಾರೆ. ಆ ದಂಪತಿಗೆ ಐವತ್ತು ವರ್ಷ ಆಡಿಕೊಳ್ಳಲು ಒಂದು ಮಾತು ಸಿಕ್ಕಿತು. ತಾಳಿ ಮರೆಯದೆ ಕಟ್ಟಿದವರಿಗೆ ಏನು ಸಿಕ್ಕಿತು, ಅಲ್ಬಮ್ಮು. ನಮ್ಮ ಕಡೆಯ ಮದುವೆಗಳಲ್ಲಿ ಅಕ್ಷತೆಗೆ ಮುಂಚೆ ಭಟ್ಟರು "ಸಾವಧಾನ" ಎಂದು ಕೂಗುತ್ತಾರೆ. ಮರಾಠಿಯವರಿಗೆ ಅದು ಎಚ್ಚರ ಎಂಬ ಕರೆ. ಸಮರ್ಥ ರಾಮದಾಸರು ಆ ಮಾತು ಕೇಳಿಯೇ ಮದುವೆಯ ಚಪ್ಪರದಿಂದ ಓಡಿಹೋದರು ಎಂಬ ಕತೆ ಅಲ್ಲಿ ಎಲ್ಲರ ಬಾಯಲ್ಲಿದೆ. ಕನ್ನಡದ ವರನಾಗಿದ್ದರೆ ಸಾವಧಾನ ಎಂದರೆ ನಿಧಾನ ಎಂದುಕೊಂಡು ಇನ್ನಷ್ಟು ಆರಾಮಾಗಿ ಕೂಡುತ್ತಿದ್ದ, ಮಹಾರಾಷ್ಟ್ರ ಒಬ್ಬ ಸಂತನನ್ನು ಕಳೆದುಕೊಳ್ಳುತ್ತಿತ್ತು. ಗಾದೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಬರೆಯುವ ಗಡಿಬಿಡಿ.

ಶಿಕ್ಷಕಿಯವರಿಗೆ ಬೇರೆ ಕಾಗದದಲ್ಲಿ ಉತ್ತರ ಹಾಕಿದ್ದೇನೆ. ಶಬ್ದ ಕೊಟ್ಟಾಗಿದೆ, ಬಳಸುವುದು ಬಿಡುವುದು ಅವರ ಖುಷಿ. ಕೊನೆಗೆ ಒಂದು ಸಾಲು ಸೇರಿಸಿದ್ದೇನೆ, ಗಡಿಯ ಆಚೀಚೆ ಗ್ಯಾದರಿಂಗ ಮಾಡುವ ಎಲ್ಲ ಮಾಸ್ತರರಿಗೂ ಅದೇ ಕೋರಿಕೆ: ನಾಟಕ ಯಾವ ಭಾಷೆಯಲ್ಲಾದರೂ ಆಡಿಸಿರಿ, ಪರದೆ ಹಿಡಿದ ಹುಡುಗನಿಗೆ ಮಾತ್ರ ಕನ್ನಡದಾಗ ಹೇಳ್ರಿ.