ಅನುಪಾನವೂ ಸೂಕ್ಷ್ಮಬುದ್ಬುದವೂ

ಔಷಧವು ಎಷ್ಟೇ ಶ್ರೇಷ್ಠವಾಗಿದ್ದರೂ ರೋಗಸ್ಥಾನವನ್ನು ಮುಟ್ಟದಿದ್ದರೆ ವ್ಯರ್ಥವಾಗುವುದು. ಮುಟ್ಟಬಾರದ ಅಂಗಗಳನ್ನು ಮುಟ್ಟಿದರೆ ಅಪಾಯಕರವಾಗುವುದು. ಈಚಿನ ದಶಕಗಳಲ್ಲಿ ವೈದ್ಯವಿಜ್ಞಾನಿಗಳು ಅತಿ ಸೂಕ್ಷ್ಮವಾದ ಅನಿಲಬುದ್ಬುದಗಳನ್ನು ರಕ್ತದಲ್ಲಿ ಹರಿಯಿಸಿ, ಲೋಕದಲ್ಲಿ ಅಲ್ಟ್ರಾಸೌಂಡ್ ಎಂದು ಪ್ರಸಿದ್ಧವಾದ ಶ್ರವಣಾತೀತ ಧ್ವನಿಯಿಂದ ಅವುಗಳನ್ನು ಗುರುತಿಸುತ್ತಿರುವರು. ಅವುಗಳ ಸಹಾಯದಿಂದ ಔಷಧವನ್ನು ನಿಯತವಾದ ಸ್ಥಾನಕ್ಕೆ ಸೇರಿಸಲೂ ಯತ್ನಿಸುತ್ತಿರುವರು. ಇದನ್ನು ಕೇಳಿದ ನಮ್ಮವರಲ್ಲಿ ಕೆಲವರು, "ಇದು ನಮ್ಮ ಶಾಸ್ತ್ರದ ಅನುಪಾನವೇ ಅಲ್ಲವೆ? ಯೋಗವಾಹಿಯೇ ಅಲ್ಲವೆ?" ಎನ್ನುವುದುಂಟು. ಈ ಪೂರ್ವಪಕ್ಷವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರವನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಜೇನನ್ನು ಯೋಗವಾಹಿಯೆಂದು ಕರೆದಿದೆ. ಎಂದರೆ ತನ್ನೊಡನೆ ಕೂಡಿದ ದ್ರವ್ಯದ ಗುಣವನ್ನು ಹೊತ್ತು ನಡೆಯುವುದೆಂದು ಅರ್ಥ. ಔಷಧದೊಡನೆ ಅಥವಾ ಅದರ ತರುವಾಯ ಸೇವಿಸತಕ್ಕ ಹಾಲು, ತುಪ್ಪ, ಬಿಸಿನೀರು ಮೊದಲಾದುವು ಅನುಪಾನವೆನಿಸುವುವು. ನೀರಿನ ಮೇಲೆ ಬಿದ್ದ ಎಣ್ಣೆಯು ಕ್ಷಣದಲ್ಲಿ ಹರಡುವಂತೆ ಅನುಪಾನದ ಬಲದಿಂದ ಔಷಧವು ದೇಹದಲ್ಲಿ ಹರಡುವುದೆಂದು ಶಾರ್ಙ್ಗಧರನ ಅಭಿಪ್ರಾಯ. ಆದುದರಿಂದ ಔಷಧಕ್ಕೆ ವಾಹನವೊಂದು ಬೇಕೆಂಬ ವಿಚಾರವು ನಮ್ಮಲ್ಲಿ ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆಯು ದೀರ್ಘವಾದುದು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸೆ ಆ ಗ್ರಂಥದ್ದು. ಸುಮಾರು 1360ರಲ್ಲಿ ಮಂಗರಾಜನು ರಚಿಸಿದ ಖಗೇಂದ್ರಮಣಿದರ್ಪಣವು ವಿಷವೈದ್ಯಕ್ಕೆ ಮೀಸಲಾದುದು. ಪಚನವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ಗುಣವನ್ನು ಶಾಸ್ತ್ರಕಾರರು ವ್ಯವಾಯಿ ಎಂದಿರುವರು. ಇದು ವಿಷದ ಲಕ್ಷಣಗಳಲ್ಲೊಂದು. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಪ್ರಯೋಗಿಸಿದರೆ ಉತ್ತಮೌಷಧವಾಗುವುದೆಂದು ಚರಕವು ಒಪ್ಪುತ್ತದೆ. ಇಂದಿನ ಅರ್ಬುದೌಷಧಗಳಲ್ಲಿ ಅನೇಕವು ಈ ಜಾತಿಯವು: ದುಷ್ಟಕೋಶಗಳನ್ನು ಕೊಲ್ಲುವಾಗ ಕೂದಲ ಬೇರನ್ನೂ ಎಲುಬಿನ ಮಜ್ಜೆಯನ್ನೂ ಪೀಡಿಸುವುವು.

ಭೇದವು ಇಲ್ಲಿಯೇ ತೋರುತ್ತದೆ. ಅನುಪಾನದ ಕಾರ್ಯವು ಔಷಧವನ್ನು ಹರಡುವುದು. ನೂತನ ವಿಧಾನದ ಉದ್ದೇಶವು ಅದು ಎಲ್ಲೆಡೆ ಹರಡದಂತೆ ನೋಡಿಕೊಳ್ಳುವುದು. ಎರಡಕ್ಕೂ ವಾಹನವೆಂಬ ಸಾದೃಶ್ಯವಿದ್ದರೂ ಗತಿಯು ವಿರುದ್ಧವಾದುದು.

ನೂತನ ವಿಧಾನದ ಚರಿತ್ರೆಯಾದರೋ ತೀರ ಈಚಿನದು. ರೋಗಬೀಜವನ್ನು ಮಾತ್ರ ಹೊಡೆಯುವ ಮಾಂತ್ರಿಕ ಗುಂಡಿನ ಕಲ್ಪನೆಯನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಸಿದ್ಧಿಗೊಳಿಸಿದನು. 1968ರಲ್ಲಿ ಅಮೆರಿಕದ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ ಷಾ ಎಂಬ ವೈದ್ಯರು, ರಕ್ತಕ್ಕೆ ದ್ರವವನ್ನು ಚುಚ್ಚಿದಾಗ ಹೃದಯದಿಂದ ಪ್ರಬಲವಾದ ಪ್ರತಿಧ್ವನಿ ಬರುವುದನ್ನು ವರದಿ ಮಾಡಿದರು. ದ್ರವದೊಡನೆ ಸೇರಿದ ಸಣ್ಣ ಗುಳ್ಳೆಗಳೇ ಇದಕ್ಕೆ ಕಾರಣ. ರಕ್ತಕ್ಕಿಂತ ಅನಿಲವು ಬಹಳ ಸುಲಭವಾಗಿ ಸಂಕೋಚ ಹೊಂದುವುದರಿಂದ ಧ್ವನಿಯು ಗುಳ್ಳೆಗಳಿಂದ ಬಲವಾಗಿ ಮರಳುವುದು. ಆದರೆ ಬರಿಯ ಗಾಳಿಯ ಗುಳ್ಳೆಯು ರಕ್ತದಲ್ಲಿ ಬೇಗ ಕರಗಿಹೋಗುವುದು. ಆದುದರಿಂದ ರಕ್ತದಲ್ಲಿ ನಿಧಾನವಾಗಿ ಕರಗುವ ಭಾರವಾದ ಅನಿಲವನ್ನು ಕೊಬ್ಬಿನ ಅಥವಾ ಆಲ್ಬುಮಿನ್ನಿನ ತೆಳ್ಳನೆಯ ಪೊರೆಯಲ್ಲಿ ಅಡಗಿಸುವ ಕ್ರಮವು ಬಂದಿತು. ಈ ಬುದ್ಬುದಗಳ ವ್ಯಾಸವು 1ರಿಂದ 10 ಮೈಕ್ರಾನ್; ಕೆಂಪು ರಕ್ತಕಣದ್ದು 7-8 ಮೈಕ್ರಾನ್. ಹೀಗಾಗಿ ಅವು ರಕ್ತಕಣ ನುಸುಳುವ ಕಿರುನಾಳಗಳಲ್ಲಿಯೂ ನುಸುಳಬಲ್ಲುವು; ಕೊನೆಗೆ ಅನಿಲವು ಉಸಿರಿನೊಡನೆ ಹೊರಹೋಗುವುದು. ಹೊರಗಿನಿಂದ ಧ್ವನಿಯನ್ನು ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿದರೆ ಅಲ್ಲಿಯ ಬುದ್ಬುದಗಳು ಹಿಗ್ಗಿ ಕುಗ್ಗಿ ರಕ್ತನಾಳದ ಭಿತ್ತಿಯನ್ನು ಸ್ವಲ್ಪ ಕಾಲ ಸಡಿಲಗೊಳಿಸುವುವು. ಔಷಧವು ಅಲ್ಲಿ ಒಳಹೊಗುವುದು. 2001ರಲ್ಲಿ ಮೊಲಗಳ ಮಿದುಳಿನಲ್ಲಿ ಸಿದ್ಧಿಸಿದ ಈ ಕ್ರಮವನ್ನು 2015ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಮಿದುಳಿನ ಗೆಡ್ಡೆಯಿದ್ದ ರೋಗಿಗೆ ಪ್ರಯೋಗಿಸಲಾಯಿತು.

ಹಾಗಾದರೆ ಈ ಚರಿತ್ರೆಯಲ್ಲಿ ನಮ್ಮ ನಾಡಿಗೆ ಪಾಲೇ ಇಲ್ಲವೆ? ಶ್ರವಣಾತೀತ ಧ್ವನಿಯ ಶಾಸ್ತ್ರದಲ್ಲಿ ಲಿಖಿತ ಪ್ರಮಾಣವುಳ್ಳ ಪಾಲೊಂದು ಇದೆ. ಇಂತಹ ಧ್ವನಿಯ ತರಂಗಗಳು ಸಂಚರಿಸುತ್ತಿರುವ ದ್ರವದ ಮೂಲಕ ಬೆಳಕು ಹಾದಾಗ ಅದು ಹಲವು ಕವಲುಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಕಂಡಿದ್ದರು. ಇದರ ಉಪಪತ್ತಿಯನ್ನು 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಲೇಖನಮಾಲೆಯೊಂದರಲ್ಲಿ ನಿರೂಪಿಸಿದರು. ಅದು ಇಂದಿಗೂ ರಾಮನ್-ನಾಥ್ ಸಿದ್ಧಾಂತವೆಂದೇ ಪ್ರಸಿದ್ಧ. ಇದು ವೈದ್ಯಕ್ಕಾಗಿ ಹುಟ್ಟಿದುದಲ್ಲ, ಬುದ್ಬುದಚಿಕಿತ್ಸೆಗೆ ಮೂಲವೂ ಅಲ್ಲ. ಆದರೂ ಕಿವಿಗೆ ಕೇಳದ ಧ್ವನಿಯು ದ್ರವದಲ್ಲಿ ಹೇಗೆ ಹರಡಿರುವುದೆಂಬುದನ್ನು ಬೆಳಕಿನಿಂದ ಅಳೆಯುವ ಕ್ರಮಗಳಿಗೆ ಇದು ಆಧಾರವಾಗಿದೆ. ಪ್ರಮಾಣವುಳ್ಳ ಇಷ್ಟು ಕೀರ್ತಿಯಿರುವಾಗ ಪ್ರಮಾಣವಿಲ್ಲದುದನ್ನು ಶಾರ್ಙ್ಗಧರನ ಮೇಲೆ ಹೊರಿಸುವುದೇಕೆ?

ಇದು ಕೇವಲ ಪಂಡಿತರ ಚರ್ಚೆಯಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹೃದಯಕ್ಕೆ ಜಯನಗರದ ಶ್ರೀ ಜಯದೇವ ಸಂಸ್ಥೆ, ಅರ್ಬುದಕ್ಕೆ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ, ಮಿದುಳಿಗೆ ಅದೇ ರಸ್ತೆಯ ನಿಮ್ಹಾನ್ಸ್, ಈ ಮೂರೂ ಕೆಲವೇ ಮೈಲಿಗಳ ಅಂತರದಲ್ಲಿವೆ. ಬುದ್ಬುದವಿಧಾನವನ್ನು ಶೋಧಕರು ಪರೀಕ್ಷಿಸುತ್ತಿರುವುದೂ ಈ ಮೂರು ಬಗೆಯ ರೋಗಗಳಲ್ಲಿಯೇ. ಇಂತಹ ಆಸ್ಪತ್ರೆಗಳಿಗೆ ನಾಡಿನ ಮೂಲೆಮೂಲೆಗಳಿಂದ ಬರುವ ಕನ್ನಡಿಗರು ತಮಗಾಗುವ ಚಿಕಿತ್ಸೆಯನ್ನು ಕನ್ನಡದಲ್ಲಿ ತಿಳಿದು ಸಮ್ಮತಿಸಬೇಕು. ಆಗ ಬುದ್ಬುದಕ್ಕೆ ಯೋಗವಾಹಿಯೆಂದು ಹೆಸರಿಟ್ಟರೆ, ಕೇಳುವವನು ಅದನ್ನು ಜೇನಿನಂತೆ ನಿರಪಾಯವೆಂದು ತಿಳಿಯುವನು. ವಸ್ತುಸ್ಥಿತಿ ಹಾಗಿಲ್ಲ. 2007ರಲ್ಲಿ ಅಮೆರಿಕದ ಔಷಧನಿಯಂತ್ರಕರು, ಕೆಲವು ರೋಗಿಗಳ ಮರಣಾನಂತರ, ಈ ದ್ರವ್ಯಗಳ ಮೇಲೆ ಕಠಿಣವಾದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ವಿಧಿಸಿದರು; 2008ರಲ್ಲಿ ನಿರ್ಬಂಧಗಳನ್ನು ಸಡಿಲಿಸಿದರೂ ಎಚ್ಚರಿಕೆಯನ್ನು ತೆಗೆದುಹಾಕಲಿಲ್ಲ.

ಆದುದರಿಂದ ಈ ವಸ್ತುವನ್ನು ಸೂಕ್ಷ್ಮಬುದ್ಬುದವೆಂದೂ ವಿಧಾನವನ್ನು ಸ್ಥಾನನಿಯತ ಔಷಧವಹನವೆಂದೂ ಕರೆಯುವುದು ಯುಕ್ತವೆಂದು ತೋರುತ್ತದೆ. ಜನಸಾಮಾನ್ಯರಿಗೆ "ರಕ್ತದಲ್ಲಿ ಬಿಡುವ ಸಣ್ಣ ಗುಳ್ಳೆ" ಎಂದರೂ ಸಾಕು. ಯೋಗವಾಹಿ, ಅನುಪಾನಗಳು ತಮ್ಮ ಶಾಸ್ತ್ರದಲ್ಲಿ ತಮ್ಮ ಅರ್ಥದಲ್ಲಿಯೇ ಉಳಿಯಲಿ. ಇವಕ್ಕಿಂತ ಉಚಿತವಾದ ಪದಗಳು ವಿದ್ವಾಂಸರಿಗೂ ಉಪಾಧ್ಯಾಯರಿಗೂ ಹೊಳೆದರೆ ಅವನ್ನೇ ಬಳಕೆಗೆ ತರಬಹುದು.